ಮೀಸೆ ತೆಗೆದ ಮುಖ

ನನ್ನ ತಮ್ಮನ ಮೀಸೆ ಊರಿಗೆಲ್ಲ ಗೊತ್ತು. ಹುಡುಗನಾಗಿದ್ದಾಗ ಬಿಟ್ಟದ್ದು, ಎರಡು ಮಕ್ಕಳ ತಂದೆಯಾದ ಮೇಲೂ ಹಾಗೇ ಇತ್ತು. ರೇಷ್ಮೆ ಗೂಡು ಮಾರಲು ರಾಮನಗರದ ಮಾರುಕಟ್ಟೆಗೆ ಹೋದರೆ ಅಲ್ಲಿ ಯಾರೂ ಅವನ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಮೀಸೆಯಣ್ಣ ಎನ್ನುತ್ತಿದ್ದರು. ನಾನು ಅವನಿಗಿಂತ ಐದು ವರ್ಷ ದೊಡ್ಡವಳು. ಅವನನ್ನು ರೇಗಿಸಲು ನನಗೆ ಬೇರೆ ವಿಷಯ ಬೇಕಿರಲಿಲ್ಲ. ಅಪ್ಪನಂತೂ ಊಟಕ್ಕೆ ಕೂತಾಗಲೆಲ್ಲ, "ಸಾರು ಕುಡಿಯೋದು ನೀನೋ ನಿನ್ ಮೀಸೆನೋ? ನನ್ ತಿಥಿಗಾದ್ರೂ ತೆಗಿತೀಯೋ ಇಲ್ವೋ" ಎಂದು ಛೇಡಿಸುತ್ತಿದ್ದರು. ತಮ್ಮ ನಗುತ್ತಿದ್ದ. ಅಮ್ಮ ಮಾತ್ರ, ಊಟದ ಹೊತ್ತಲ್ಲಿ ಎಂಥಾ ಮಾತು ಎಂದು ಇಬ್ಬರನ್ನೂ ಬೈಯುತ್ತಿದ್ದಳು.

ಅಪ್ಪ ತೀರಿಕೊಂಡರು. ತಮ್ಮ ಮೀಸೆ ತೆಗೆದ. ಆಮೇಲೆ ಆದದ್ದನ್ನು ಬರೆಯಲು ಕೂತಿದ್ದೇನೆ.

ಅದಕ್ಕೆ ಮೊದಲು ನನ್ನ ವಿಷಯ ಒಂದಿಷ್ಟು ಹೇಳಬೇಕು. ನಾನು ರಾಮನಗರದಲ್ಲಿ ಸರ್ಕಾರಿ ಪ್ರೌಢಶಾಲೆಯ ಗಣಿತದ ಮೇಷ್ಟ್ರಮ್ಮ. ಸಿಟ್ಟು ಸ್ವಲ್ಪ ಬೇಗ ಬರುತ್ತದೆ, ಮಕ್ಕಳನ್ನು ಕೇಳಿದರೆ ಬಹಳ ಬೇಗ ಎನ್ನುತ್ತಾರೆ. ಈಗೀಗ ನಮ್ಮ ಹಾಜರಿಯನ್ನೂ ಮೊಬೈಲೇ ಹಾಕುತ್ತದೆ. ಬೆಳಿಗ್ಗೆ ಗೇಟಿನ ಒಳಗೆ ನಿಂತು ಮುಖ ತೋರಿಸಬೇಕು, ಅದು ಹೇಳಿದಾಗ ಕಣ್ಣು ಮಿಟುಕಿಸಬೇಕು. ಹೊಸ ಕನ್ನಡಕ ಹಾಕಿಕೊಂಡು ಹೋದ ದಿನ ಅದು ನನ್ನನ್ನು ಯಾರೆಂದು ಒಪ್ಪಲೇ ಇಲ್ಲ. ಎಡಕ್ಕೆ ತಿರುಗಿದೆ, ಬಲಕ್ಕೆ ತಿರುಗಿದೆ, ಕನ್ನಡಕ ತೆಗೆದೆ, ಕಣ್ಣು ಮಿಟುಕಿಸಿದೆ. ಬೇಲಿಯ ಆಚೆ ನಿಂತಿದ್ದ ಸೊಪ್ಪಿನವಳು ನನಗೆ ಏನಾಯಿತೋ ಎಂದು ಗಾಬರಿಯಾದಳು. ಕೊನೆಗೆ ನಮ್ಮ ಮುಖ್ಯೋಪಾಧ್ಯಾಯರು ಬಂದು, "ಬನ್ನಿ ಟೀಚರ್, ನೀವು ನೀವೇ ಅಂತ ನಾನು ಬರ್ಕೊಡ್ತೀನಿ" ಎಂದರು. ಸ್ಟಾಫ್ ರೂಮಿನಲ್ಲಿ ಅದನ್ನು ಹೇಳಿಕೊಂಡು ಎಷ್ಟೋ ದಿನ ನಕ್ಕೆವು. ಯಂತ್ರ ತಪ್ಪಿದಾಗ ಅದನ್ನು ಸರಿಪಡಿಸುವ ಮನುಷ್ಯ ಒಬ್ಬ ಪಕ್ಕದಲ್ಲೇ ಇದ್ದ. ಅದಕ್ಕೇ ನಗು ಬಂದದ್ದು ಎನ್ನುವುದು ಆಗ ನನಗೆ ಹೊಳೆದಿರಲಿಲ್ಲ.

ಹನ್ನೊಂದನೆಯ ದಿನದ ತಿಥಿಗೆ ನಮ್ಮ ಕಡೆ ನಡೆದುಕೊಂಡು ಬಂದ ಪದ್ಧತಿ ಇದೆ. ಬೆಳಿಗ್ಗೆಯೇ ಶ್ರೀರಂಗಪಟ್ಟಣಕ್ಕೆ ಹೋಗಿ ಅಸ್ಥಿ ಬಿಡುವುದು. ಮಗನೊಬ್ಬನೇ ಅಲ್ಲ, ದಾಯಾದಿ ಗಂಡಸರೆಲ್ಲ ಹೊಳೆಯ ದಡದಲ್ಲಿ ಕೂತು ತಲೆ, ಗಡ್ಡ, ಮೀಸೆ ಬೋಳಿಸಿಕೊಳ್ಳುವುದು. ಮನೆಗೆ ಬಂದು ಮಗ ಎಡೆ ಇಡಬೇಕು. ಅವನು ಎಡೆ ಇಡುವ ತನಕ ಮನೆಯವರು, ಬಂದ ನೆಂಟರು, ಯಾರೂ ಎಲೆ ಮುಂದೆ ಕೂರುವಂತಿಲ್ಲ.

ಟೆಂಪೋ ಮಾಡಿಕೊಂಡು ಹೋಗಿದ್ದೆವು. ನಾನೂ ಹೋಗಿದ್ದೆ. ಹೊಳೆಯ ದಡದಲ್ಲಿ ಕ್ಷೌರದವನು ತಮ್ಮನ ಮೀಸೆಗೆ ಕತ್ತಿ ಇಟ್ಟಾಗ ನಾನು ಮುಖ ಆಚೆ ತಿರುಗಿಸಿದೆ. ತಿರುಗಿ ನೋಡಿದರೆ ಅಲ್ಲಿ ಬೇರೆ ಯಾರೋ ಕೂತಿದ್ದಾರೆ. ಮೇಲ್ತುಟಿಯ ಮೇಲೆ ಬಿಸಿಲು ಕಾಣದ ಬಿಳಿಚಿದ ಚರ್ಮ, ಅಪ್ಪನದೇ ಗಲ್ಲ, ಎಷ್ಟೋ ವರ್ಷದ ಮೇಲೆ ಕಂಡ ತುಟಿ. ನನಗೆ ಅಳುವಿನ ಮಧ್ಯೆ ನಗು ಬಂತು. "ಅಕ್ಕ, ಅಂಗ್ ನೋಡ್ಬ್ಯಾಡ ಕಣಕ್ಕ, ನಾಚ್ಕೆ ಆಯ್ತದೆ" ಎಂದು ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡ. ಚಿಕ್ಕಪ್ಪ, ದೊಡ್ಡಪ್ಪನ ಮಗ, ಇನ್ನಿಬ್ಬರು ದಾಯಾದಿಗಳು, ಎಲ್ಲರೂ ಒಂದೇ ಥರ ಆಗಿಬಿಟ್ಟಿದ್ದರು. ನಮ್ಮ ಮನೆತನದ ಗಂಡಸರ ಮುಖ ಮೊದಲೇ ಒಂದೇ ಎರಕದ್ದು, ಕೂದಲು ಹೋದ ಮೇಲಂತೂ ಹಿಂದಿನಿಂದ ಯಾರನ್ನು ಕರೆದರೆ ಯಾರು ತಿರುಗುತ್ತಾರೋ ತಿಳಿಯುವಂತಿರಲಿಲ್ಲ.

ವಾಪಸು ಬರುವಾಗ ಚನ್ನಪಟ್ಟಣ ದಾಟಿ ಕೆಂಗಲ್ ಹತ್ತಿರ ಪೊಲೀಸರು ಬ್ಯಾರಿಕೇಡ್ ಹಾಕಿದ್ದರು. ಆ ಭಾಗದಲ್ಲಿ ಮನೆ ಕಳ್ಳತನ ಜಾಸ್ತಿಯಾಗಿತ್ತಂತೆ. ನಮ್ಮ ಊರಿಗೆ ತಿರುಗುವ ದಾರಿ ಅಲ್ಲಿಂದ ಕಣ್ಣಳತೆಯಲ್ಲಿತ್ತು. ಒಬ್ಬ ಪೇದೆ ಬಂದು ಡ್ರೈವರನ ಮುಖಕ್ಕೆ ಮೊಬೈಲ್ ಹಿಡಿದ. ಅದರಲ್ಲಿ ಏನೋ ಆ್ಯಪ್, ಹಳೆಯ ಆರೋಪಿಗಳ ಫೋಟೋ ಜೊತೆ ಮುಖ ಹೋಲಿಸಿ ಹೇಳುತ್ತದಂತೆ. ಡ್ರೈವರ್ ಪಾಸಾದ. ಪಕ್ಕದಲ್ಲಿ ಕೂತಿದ್ದ ತಮ್ಮನ ಮುಖಕ್ಕೆ ಹಿಡಿದ. ಮೊಬೈಲ್ ಕುಂಯ್ ಎಂದಿತು.

ಪೇದೆ ಮೊಬೈಲ್ ನೋಡಿದ, ತಮ್ಮನನ್ನು ನೋಡಿದ, ಮತ್ತೆ ಮೊಬೈಲ್ ನೋಡಿದ. "ಇಳಿಯಪ್ಪ ಕೆಳಕ್ಕೆ."

"ಯಾಕೆ ಸಾ? ನಮ್ಮಪ್ಪಂದು ತಿಥಿ, ಎಡೆ ಮಡಗ್ಬೇಕು."

"ಇಳಿ, ಹೇಳ್ತೀನಿ."

ನಾನೂ ಇಳಿದೆ. ಪೇದೆ ಸಜ್ಜನನೇ, ನನಗೂ ತೋರಿಸಿದ. ಎಡಕ್ಕೆ ಈಗ ತೆಗೆದ ತಮ್ಮನ ಫೋಟೋ, ಬಲಕ್ಕೆ ಇನ್ನೊಬ್ಬ ಬೋಳುತಲೆಯವನು, ಯಾವುದೋ ಠಾಣೆಯಲ್ಲಿ ಗೋಡೆಗೆ ಒರಗಿ ನಿಲ್ಲಿಸಿ ತೆಗೆದದ್ದು. ಮಧ್ಯದಲ್ಲಿ ಒಂದು ಕೆಂಪು ಪಟ್ಟಿ, ಮುಕ್ಕಾಲಕ್ಕಿಂತ ಮೇಲೆ ಏರಿ ನಿಂತಿತ್ತು. ಇಬ್ಬರಿಗೂ ತಲೆಯಲ್ಲಿ ಕೂದಲಿಲ್ಲ, ಇಬ್ಬರ ಕಣ್ಣಲ್ಲೂ ಹೆದರಿಕೆ ಇತ್ತು. ನನಗೆ ಕಂಡ ಹೋಲಿಕೆ ಅಷ್ಟೇ. ಆ ಬೋಳುತಲೆಯವನು ಮನೆ ಕಳ್ಳತನದ ಆರೋಪಿ, ಬಹಳ ದಿನದಿಂದ ಬೇಕಾಗಿದ್ದಾನೆ ಎಂದ ಪೇದೆ.

ತಮ್ಮ ಜೇಬಿನಿಂದ ಆಧಾರ್ ಕಾರ್ಡ್ ತೆಗೆದುಕೊಟ್ಟ. ಅದರಲ್ಲಿ ಆ ಮೀಸೆ ಇತ್ತು. ತಲೆತುಂಬ ಕೂದಲಿತ್ತು. ಪೇದೆ ಕಾರ್ಡನ್ನು ತಮ್ಮನ ಕೆನ್ನೆಯ ಪಕ್ಕ ಹಿಡಿದು ಕಣ್ಣು ಕಿರಿದು ಮಾಡಿ ನೋಡಿದ.

"ಇದು ನೀನೇನಾ?"

"ನಾನೇ ಸಾ. ಬೆಳಿಗ್ಗೆಗಂಟ ಅಂಗೇ ಇದ್ದೆ."

ನಾವು ಯಾರೂ ನಗಲಿಲ್ಲ. ಆದರೆ ನಮ್ಮ ಚಿಕ್ಕಪ್ಪನಿಗೆ ಅಷ್ಟರಲ್ಲಿ ತಲೆ ಕೆಟ್ಟುಹೋಗಿತ್ತು. ಹಸಿದ ಹೊಟ್ಟೆ, ಬೋಳಿಸಿದ ತಲೆಯ ಮೇಲೆ ಬಿಸಿಲು. ಟೆಂಪೋದಿಂದ ದುಮುಕಿ ಬಂದು, "ಏನ್ ಸಾಮಿ, ಬೋಳ್ತಲೆ ಕಂಡೋರೆಲ್ಲ ಕಳ್ರೇನು? ಇಕಾ ನಂದೂ ಹಿಡಿ, ಇವ್ನದೂ ಹಿಡಿ. ನಾವೆಲ್ಲ ಒಂದೇ ವಂಸ, ಎಲ್ರದೂ ಒಂದೇ ಮೊಖ. ನಿನ್ ಮೊಬೈಲು ಏನ್ ಹೇಳ್ತದೋ ನೋಡೇಬುಡವ" ಎಂದು ದಾಯಾದಿಗಳನ್ನೆಲ್ಲ ಇಳಿಸಿ ಸಾಲಾಗಿ ನಿಲ್ಲಿಸಿಬಿಟ್ಟರು.

ಬೇಡ ಚಿಕ್ಕಪ್ಪ ಎಂದೆ. ಅವರು ಕೇಳಲಿಲ್ಲ. ಊರಲ್ಲಿ ಯಾರ ಮೇಲಾದರೂ ಅಪವಾದ ಬಂದರೆ ವಂಶದವರೆಲ್ಲ ಎದ್ದು ನಿಂತು ನಮ್ಮನ್ನೂ ಕೇಳಿ ಎನ್ನುವುದು ನಮ್ಮಲ್ಲಿ ವಾಡಿಕೆ. ಪಂಚಾಯಿತಿ ಕಟ್ಟೆಯಲ್ಲಿ ಅದು ನಡೆಯುತ್ತದೆ, ಅಲ್ಲಿ ಕೂತವರಿಗೆ ನಾಚಿಕೆಯಾಗಿ ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ಮೊಬೈಲಿಗೆ ಎಲ್ಲಿಯ ನಾಚಿಕೆ? ಪೇದೆ ಒಬ್ಬೊಬ್ಬರದಾಗಿ ಹಿಡಿಯುತ್ತ ಬಂದ. ಚಿಕ್ಕಪ್ಪ ಪಾಸು. ದೊಡ್ಡಪ್ಪನ ಮಗನ ಮುಖಕ್ಕೆ ಹಿಡಿದಾಗ ಮತ್ತೆ ಕುಂಯ್ ಎಂದಿತು. ಅದೇ ಬೋಳುತಲೆಯ ಆರೋಪಿ, ಅದೇ ಕೆಂಪು ಪಟ್ಟಿ.

ಚಿಕ್ಕಪ್ಪ ಗೆದ್ದವರ ಹಾಗೆ ಕೈ ತಟ್ಟಿದರು. "ನೋಡಿದ್ರಾ? ಒಬ್ಬ ಕಳ್ಳ ಇಬ್ರಾಗಕಾಯ್ತದಾ?"

ಪೇದೆ ವಾಕಿಟಾಕಿ ತೆಗೆದ. "ಸರ್, ಇಬ್ರು ಸಿಕ್ಕವ್ರೆ."

ಜೀಪು ಬಂತು. ತಮ್ಮನನ್ನೂ ದೊಡ್ಡಪ್ಪನ ಮಗನನ್ನೂ ಹತ್ತಿಸಿಕೊಂಡರು. ಜೀಪಿನ ಹಿಂದಿನಿಂದ ತಮ್ಮ ನನ್ನನ್ನು ನೋಡುತ್ತಿದ್ದ. ಆ ಮುಖವನ್ನು ನಾನು ಕಂಡು ಒಂದು ಬೆಳಗೂ ಪೂರ್ತಿ ಆಗಿರಲಿಲ್ಲ. ಗುಂಪಿನಲ್ಲಿ ಈ ಮುಖವನ್ನು ಕಳೆದುಕೊಂಡರೆ ನಾನೇ ಹುಡುಕಲಾರೆ ಎನ್ನಿಸಿತು.

ಠಾಣೆಯಲ್ಲಿ ಸಬ್ ಇನ್‌ಸ್ಪೆಕ್ಟರ್ ನನ್ನ ಹಳೆಯ ವಿದ್ಯಾರ್ಥಿಗಳ ವಯಸ್ಸಿನವರು. ಕುರ್ಚಿ ಕೊಟ್ಟರು, ನೀರು ಕೊಟ್ಟರು, ಮೇಡಂ ಎಂದರು. ಅವರು ಒರಟಾಗಿದ್ದಿದ್ದರೆ ನನಗೆ ಜಗಳ ಆಡುವುದು ಸುಲಭವಾಗುತ್ತಿತ್ತು. ತಮ್ಮ ಮತ್ತು ದೊಡ್ಡಪ್ಪನ ಮಗ ಗೋಡೆಯ ಪಕ್ಕದ ಬೆಂಚಿನಲ್ಲಿ ಕೂತಿದ್ದರು. ತಮ್ಮನ ಬೆರಳುಗಳ ಸಂದಿಯಲ್ಲಿ ಪಿಂಡ ಕಟ್ಟಿದಾಗ ಅಂಟಿದ ಎಳ್ಳು ಇನ್ನೂ ಹಾಗೇ ಇತ್ತು.

"ಸರ್, ಒಬ್ಬನೇ ಆರೋಪಿಗೆ ಇಬ್ಬರು ಹೊಂದುತ್ತಾರೆ ಅಂದರೆ ಇಬ್ಬರಲ್ಲಿ ಒಬ್ಬರದಂತೂ ತಪ್ಪೇ ಅಲ್ಲವಾ? ಒಬ್ಬರದು ತಪ್ಪಾಗಿದ್ದರೆ ಇನ್ನೊಬ್ಬರದು ಸರಿ ಅಂತ ಯಾವ ಧೈರ್ಯದ ಮೇಲೆ ಹೇಳುತ್ತೀರಿ?" ಎಂದು ಕೇಳಿದೆ.

"ಅದಕ್ಕೇ ವೆರಿಫೈ ಮಾಡ್ತಾ ಇರೋದು ಮೇಡಂ. ಆ್ಯಪ್ ತೋರಿಸಿದೆ, ಬಿಟ್ಟು ಕಳಿಸಿದರೆ ನಾಳೆ ನನ್ನನ್ನು ಕೇಳ್ತಾರೆ. ಹಿಡಿದು ಕೂರಿಸಿದರೆ ಯಾರೂ ಕೇಳಲ್ಲ."

ಈ ಮಾತನ್ನು ಅವರು ದರ್ಪದಿಂದ ಹೇಳಲಿಲ್ಲ, ಸುಮ್ಮನೆ ಇದ್ದದ್ದನ್ನು ಹೇಳಿದರು. ನನಗೆ ಅಲ್ಲಿಯವರೆಗೆ ಇದ್ದ ಸಿಟ್ಟು ಹೋಗಿ ಭಯ ಶುರುವಾದದ್ದು ಆಗ. ಶಾಲೆಯಲ್ಲಿ ಮೊಬೈಲ್ ನನ್ನನ್ನು ಒಪ್ಪದಿದ್ದಾಗ ಮುಖ್ಯೋಪಾಧ್ಯಾಯರು ಇದ್ದರು. ಇಲ್ಲಿ ಮೊಬೈಲಿಗಿಂತ ದೊಡ್ಡವರು ಯಾರು? ಈ ಸಾಹೇಬರಿಗೂ ಅದು ಗೊತ್ತಿರಲಿಲ್ಲ.

ಬೆರಳಚ್ಚು ತೆಗೆದುಕೊಳ್ಳುತ್ತೇವೆ, ಅದು ಹೊಂದದಿದ್ದರೆ ಬಿಡುತ್ತೇವೆ ಎಂದರು. ತಮ್ಮ ಎದ್ದು ಹೋಗಿ ಹಿತ್ತಲಿನ ನಲ್ಲಿಯಲ್ಲಿ ಕೈ ತೊಳೆದ. ಅಪ್ಪನ ಎಳ್ಳು ಠಾಣೆಯ ಬಚ್ಚಲಿನಲ್ಲಿ ಹೋಯಿತಲ್ಲ ಎಂದು ನನಗೆ ಸಂಕಟವಾಯಿತು. ಯಂತ್ರದ ಮೇಲೆ ಬೆರಳಿಟ್ಟ. ಆದರೆ ಸರ್ವರ್ ಇರಲಿಲ್ಲ. ನೆಟ್‌ವರ್ಕ್ ಬರಲಿ ಎಂದು ಪೇದೆ ಯಂತ್ರವನ್ನು ಕಿಟಕಿಗೆ ಹಿಡಿದ, ಬಾಗಿಲಿಗೆ ಹಿಡಿದ. ಅಮ್ಮನ ಫೋನಿನ ಮೇಲೆ ಫೋನು. "ಎಲ್ಲಿದ್ದೀರವ್ವ? ಅಡಿಗೆ ಆರೋಯ್ತಾ ಐತೆ, ನೆಂಟ್ರು ಕೂತವ್ರೆ." ಟೆಂಪೋ ಪಂಚರ್ ಆಗಿದೆ ಎಂದು ಸುಳ್ಳು ಹೇಳಿದೆ. ಗಂಡ ಸತ್ತ ಹನ್ನೊಂದನೇ ದಿನ ಮಗ ಠಾಣೆಯಲ್ಲಿದ್ದಾನೆ ಎಂದು ಯಾವ ಬಾಯಲ್ಲಿ ಹೇಳಲಿ?

ಬಿಡುಗಡೆ ಬಂದದ್ದು ಬೆರಳಿನಿಂದ ಅಲ್ಲ, ಒಂದು ಫೋನಿನಿಂದ. ಸಬ್ ಇನ್‌ಸ್ಪೆಕ್ಟರ್ ಆ ಆರೋಪಿಯ ಕೇಸು ದಾಖಲಾಗಿದ್ದ ಠಾಣೆಗೆ ಕರೆ ಮಾಡಿದರು. ಆಚೆ ಕಡೆಯವರು ಹೇಳಿದ್ದನ್ನು ಕೇಳುತ್ತ ಅವರ ಕಿವಿ ಕೆಂಪಾಯಿತು. ಆ ಮನುಷ್ಯ ಬೇರೆ ಜಿಲ್ಲೆಯಲ್ಲಿ ಯಾವಾಗಲೋ ಸಿಕ್ಕಿಬಿದ್ದಿದ್ದ. ಜೈಲಿನಲ್ಲಿದ್ದ. ಅವನನ್ನು ಪಟ್ಟಿಯಿಂದ ತೆಗೆಯಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ, ಅಥವಾ ಅದು ತನ್ನ ಕೆಲಸವೆಂದು ಯಾರಿಗೂ ಗೊತ್ತಿರಲಿಲ್ಲ.

"ಸಾರಿ ಮೇಡಂ. ಕರ್ಕೊಂಡು ಹೋಗಿ" ಎಂದರು. ತಮ್ಮನ ಭುಜ ತಟ್ಟಿದರು. ತಮ್ಮ ಅವರಿಗೆ ಕೈ ಮುಗಿದ. ಯಾಕೆ ಮುಗಿದೆಯೋ ಎಂದು ಅಲ್ಲೇ ಚೀರಬೇಕು ಎನ್ನಿಸಿತು.

ನಾವು ಮನೆ ಮುಟ್ಟಿದಾಗ ಬಿಸಿಲು ಇಳಿದಿತ್ತು. ಕೆಲವು ನೆಂಟರು ಹೊರಟುಹೋಗಿದ್ದರು. ಅಮ್ಮ ಮಗನ ಹೊಸ ಮುಖ ನೋಡಿ ಅತ್ತಳು, ಮೀಸೆಗಾಗಿ ಅತ್ತದ್ದು ಎಂದು ಎಲ್ಲರೂ ತಿಳಿದರು. ತಮ್ಮ ಆರಿದ ಅನ್ನದ ಎಡೆ ಇಟ್ಟು ಅಪ್ಪನ ಫೋಟೋಗೆ ಅಡ್ಡಬಿದ್ದವನು ಬಹಳ ಹೊತ್ತು ಏಳಲಿಲ್ಲ.

ನಾನು ಸುಮ್ಮನಿರಲಿಲ್ಲ. ಮುಂದಿನ ವಾರವೇ ಠಾಣೆಗೆ ಹೋಗಿ, ರಸ್ತೆಯಲ್ಲಿ ತೆಗೆದ ನಮ್ಮವರ ಫೋಟೋ, ಠಾಣೆಯಲ್ಲಿ ತೆಗೆದ ಬೆರಳಚ್ಚು ಎಲ್ಲ ಅಳಿಸಿ ಎಂದು ಕೇಳಿದೆ. ಅದು ನಮ್ಮ ಕೈಯಲ್ಲಿಲ್ಲ, ಮೇಲಿನವರು ಎಂದರು. ಮೇಲಿನವರ ಕಚೇರಿಗೆ ಹೋದರೆ ಅದು ಕಂಪ್ಯೂಟರ್ ವಿಭಾಗ ಎಂದರು. ಕಂಪ್ಯೂಟರ್ ವಿಭಾಗದ ಹುಡುಗಿ, "ನಾವು ನೋಡೋದಷ್ಟೇ ಮೇಡಂ, ಅಳಿಸೋಕೆ ನಮಗೆ ಆಪ್ಷನ್ನೇ ಇಲ್ಲ" ಎಂದಳು. ಹಾಗಾದರೆ ಇದು ತಪ್ಪಿದಾಗ ತಪ್ಪು ಎಂದು ಹೇಳುವವರು ಯಾರು ಎಂದು ಕೇಳಿದೆ. ಅವಳು ಪಾಪ, ನಿಜವಾಗಿಯೂ ಯೋಚಿಸಿದಳು. "ಅಂಥೋರು ಯಾರೂ ಇಲ್ಲ ಅನ್ಸುತ್ತೆ" ಎಂದಳು. ನಾನು ಬರೆದುಕೊಟ್ಟ ಅರ್ಜಿಯನ್ನು ಸಂಬಂಧಪಟ್ಟವರಿಗೆ ಕಳಿಸಲಾಗಿದೆ ಎಂದು ಉತ್ತರ ಬಂತು. ಆ ಸಂಬಂಧಪಟ್ಟವರು ಯಾರೆಂದು ಇವತ್ತಿಗೂ ಪತ್ತೆಯಿಲ್ಲ. ಪೊಲೀಸರು ಕಳ್ಳರನ್ನು ಹುಡುಕುವುದು ಬೇಡ ಎಂದು ನಾನು ಎಲ್ಲೂ ಹೇಳಲಿಲ್ಲ, ನಮ್ಮ ಬೀದಿಯಲ್ಲೂ ಕಳ್ಳತನವಾಗಿದೆ. ಯಂತ್ರದ ತಲೆಯ ಮೇಲೆ ಒಂದು ಮನುಷ್ಯನ ಕಣ್ಣು ಇರಲಿ ಎಂದೆ, ಅಷ್ಟೇ.

ತಮ್ಮನಿಗೆ ನನ್ನ ಓಡಾಟ ಇಷ್ಟವಾಗಲಿಲ್ಲ. "ಬುಟ್ಬುಡಕ್ಕ. ಕೆದಕಿದ್ರೆ ಇನ್ನೂ ನೆಪ್ಪಿಟ್ಕತಾರೆ" ಎನ್ನುತ್ತಿದ್ದ. ಅವನು ಕೆಂಗಲ್ ಕಡೆಯ ರಸ್ತೆ ಬಿಟ್ಟ. ಗೂಡು ಬಂದಾಗ ಒಳಗಿನ ಹಳ್ಳಿಗಳ ಮೇಲೆ ಸುತ್ತು ಹಾಕಿ ರಾಮನಗರಕ್ಕೆ ಬರುತ್ತಿದ್ದ. ಮಾರುಕಟ್ಟೆಯ ಬಾಗಿಲಿನ ಕ್ಯಾಮೆರಾ ಕಂಡರೆ ತಲೆ ತಗ್ಗಿಸುತ್ತಿದ್ದ. ತಲೆ ತಗ್ಗಿಸಿದವನನ್ನೇ ಅನುಮಾನದಿಂದ ನೋಡುತ್ತಾರೆ ಕಣೋ ಎಂದು ನಾನು ಬೈದ ಮೇಲೆ ಬೇರೆ ಥರ ಆಯಿತು, ಕ್ಯಾಮೆರಾ ಕಂಡ ಕೂಡಲೇ ನೆಟ್ಟಗೆ ನಿಂತು ಅದರ ಕಡೆ ಮುಖ ಕೊಡುತ್ತಿದ್ದ. ಅದು ಇನ್ನಷ್ಟು ನೋಡಲಾಗದ ದೃಶ್ಯ. ಮೀಸೆ ಮಾತ್ರ ಬೇಗ ಬೇಗ ಬೆಳೆಸಿದ. ಅದು ಮೊದಲಿನ ಅಳತೆಗೆ ಬಂದಾಗ ಮಾರುಕಟ್ಟೆಯಲ್ಲಿ ಮತ್ತೆ ಮೀಸೆಯಣ್ಣ ಎಂದರಂತೆ. ಆ ದಿನ ಫೋನ್ ಮಾಡಿ ಅದನ್ನು ಹೇಳಿದಾಗ ಅವನ ದನಿಯಲ್ಲಿ ಎಷ್ಟೋ ತಿಂಗಳ ಮೇಲೆ ನಗು ಇತ್ತು.

ವರ್ಷದ ತಿಥಿ ಬಂತು. ಮಗನಾದವನು ಮತ್ತೆ ಬೋಳಿಸಿಕೊಳ್ಳಬೇಕು. ಹಿಂದಿನ ದಿನವೇ ನಾನು ಊರಿಗೆ ಹೋಗಿದ್ದೆ. ತಮ್ಮ ರೇಷ್ಮೆ ಹುಳು ಮನೆಯಲ್ಲಿ ಸೊಪ್ಪು ಹಾಕುತ್ತಿದ್ದ. ತಟ್ಟೆಯಿಂದ ತಟ್ಟೆಗೆ ಹೋಗುತ್ತಿದ್ದವನು ಕೊನೆಗೆ, "ಬೋಳಿಸ್ಕಂಡ್ರೆ ನಾನು ಮತ್ತೆ ಅವ್ನಾಗ್ಬುಡ್ತೀನಿ ಕಣಕ್ಕ" ಎಂದ.

ಅವನು ಎಂದರೆ ಪೇದೆಯ ಮೊಬೈಲಿನ ಬೋಳುತಲೆಯವನು.

"ತಲೆ ಒಂದೇ ತೆಗೆಸು, ಮೀಸೆ ಇರಲಿ. ಅಪ್ಪ ಏನೂ ಅಂದುಕೊಳ್ಳಲ್ಲ" ಎಂದೆ.

"ಅಪ್ಪ ಕೇಳ್ಕಂಡಿದ್ದು ಅದೊಂದೇ ಅಲ್ವಾ" ಎಂದ. ನಾನೂ ಒಂದು ಹಿಡಿ ಸೊಪ್ಪು ಎತ್ತಿಕೊಂಡು ಮುಂದಿನ ತಟ್ಟೆಗೆ ಹಾಕಿದೆ.

ಬೆಳಿಗ್ಗೆ ಕ್ಷೌರದವನು ಮನೆಗೇ ಬಂದ. ಹೊಂಗೆ ಮರದ ಕೆಳಗೆ ತಮ್ಮ ಕೂತ. ಈ ಸಲ ನಾನು ಮುಖ ತಿರುಗಿಸಲಿಲ್ಲ, ಕತ್ತಿಯ ಒಂದೊಂದು ಎಳೆತವನ್ನೂ ನೋಡಿದೆ. ಈ ಮುಖವನ್ನು ನಾನಾದರೂ ಸರಿಯಾಗಿ ಗುರುತಿಟ್ಟುಕೊಳ್ಳಬೇಕು ಎನ್ನುವ ಹಟ ಬಂದಿತ್ತು. ಸ್ನಾನ ಮಾಡಿದ, ಪಂಚೆ ಉಟ್ಟ. ಅಡಿಗೆ ಮುಗಿಯುವುದರೊಳಗೆ ಬರುತ್ತೇನೆ ಎಂದು ಗಾಡಿ ತೆಗೆದ. ಬಾಳೆಲೆ ತರಲು ಹೋದ ಎಂದುಕೊಂಡೆ. ಬಾಳೆಲೆ ಮನೆಯಲ್ಲೇ ಇತ್ತು, ಹೆಂಗಸರು ಅದನ್ನು ತೊಳೆಯುವಾಗ ಕಂಡೆ.

ಅಡಿಗೆ ಮುಗಿಯಿತು. ಅವನು ಬರಲಿಲ್ಲ. ಫೋನ್ ಎತ್ತಲಿಲ್ಲ. ಅಮ್ಮ ನನ್ನ ಮುಖ ನೋಡಿದಳು. ಅವಳಿಗೆ ಆ ಪಂಚರ್ ಕತೆ ಸುಳ್ಳೆಂದು ಯಾವತ್ತೋ ಗೊತ್ತಾಗಿತ್ತು. "ಓಗಿ ನೋಡವ್ವ" ಎಂದಳು. ನಾನು ಚಪ್ಪಲಿ ಮೆಟ್ಟುವ ಆತುರದಲ್ಲಿ ಎಡದ್ದು ಬಲಕ್ಕೆ ಹಾಕಿಕೊಂಡೆ. ಬೀದಿಯ ತುದಿಯವರೆಗೂ ಹಾಗೇ ಓಡಿದ್ದೆ. ಅಷ್ಟರಲ್ಲಿ ಅವನ ಗಾಡಿ ಬಂತು.

"ಎಲ್ಲಿ ಹಾಳಾಗಿ ಹೋಗಿದ್ದೆಯೋ!"

ಗಾಡಿ ನಿಲ್ಲಿಸಿದ. ಬೋಳು ಮುಖ ಹಗುರವಾಗಿತ್ತು, ಒಂದು ದೊಡ್ಡ ಕೆಲಸ ಮುಗಿಸಿ ಬಂದವರ ಹಾಗೆ.

"ಸ್ಟೇಷನ್‌ಗೆ ಹೋಗಿದ್ದೆ ಕಣಕ್ಕ."

ಗಾಡಿಯ ಹ್ಯಾಂಡಲ್ ಹಿಡಿದು ಕೇಳಿದೆ, "ಯಾರು ಕರೆದರು?"

"ಯಾರೂ ಕರೀನಿಲ್ಲ. ನಾನೇ ಹೋದೆ. ಸಾ, ನಮ್ಮಪ್ಪನ ವರ್ಸದ ತಿಥಿ, ಇವತ್ತು ಬೋಳಿಸ್ಕಂಡಿವ್ನಿ, ಎಲ್ಲಾದ್ರೂ ಮೊಬೈಲು ಹೇಳುದ್ರೆ ಅದು ನಾನಲ್ಲ ಅಂತ ಯೋಳಿ ಬಂದೆ. ಅದೇ ಪೇದೆ ಇದ್ರು. ಒಳ್ಳೆ ಮನ್ಸ ಕಣಕ್ಕ, ಟೀ ಕೊಡುಸ್ತೀನಿ ಅಂದ್ರು, ನಾನೇ ಒಪ್ಪತ್ತು ಸಾ ಅಂದೆ." ತಲೆ ಸವರಿಕೊಂಡ. "ಬೋಳ್ತಲೇದೂ ಒಂದು ಇರ್ಲಿ ಅಂತ ಫೋಟೋ ತಕ್ಕಂಡ್ರು. ಮುಂದಿನ್ ವರ್ಸದಿಂದ ತಿಥಿ ಹಿಂದಿನ್ ದಿನವೇ ಬಂದು ಯೋಳ್ಬುಡಪ್ಪ, ನಮ್ಗೂ ತಾಪತ್ರಯ ಇರಕಿಲ್ಲ ಅಂದ್ರು. ಆಯ್ತು ಸಾ ಅಂದೆ."

ಕಚೇರಿ ಕಚೇರಿ ಅಲೆದು, ಇದನ್ನು ನೋಡಿಕೊಳ್ಳುವವರು ಯಾರು ಎಂದು ಕೇಳುತ್ತಿದ್ದೆನಲ್ಲ, ಆ ಕೆಲಸವನ್ನು ಈಗ ತಮ್ಮನೇ ವಹಿಸಿಕೊಂಡು ಬಂದಿದ್ದ. ಕಾಲಲ್ಲಿ ಚಪ್ಪಲಿ ಅದಲುಬದಲಾಗಿದ್ದುದು ಆಗ ಗೊತ್ತಾಯಿತು, ಬಗ್ಗಿ ಸರಿ ಮಾಡಿಕೊಂಡೆ.

"ಅಮ್ಮಂಗೆ ಯೋಳ್ಬ್ಯಾಡ" ಎಂದ ತಮ್ಮ. "ಬಾ, ಎಡೆಗೆ ಹೊತ್ತಾಯ್ತು."